ಚುಕ್ಕೆ ನೋಡಿ ಮರುಳಾಗಬೇಡ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಮನೆಗೆ ಚುಕ್ಕೆ ಚುಕ್ಕೆಯ ಎನಾಮೆಲ್ ಪಾತ್ರೆಗಳನ್ನೇ ತರುತ್ತೇನೆ ಅಂತ ಬರೆದಿದ್ದೀಯ. ತಾ, ಬೇಡ ಅನ್ನುವುದಿಲ್ಲ. ನನಗೂ ಅವು ಇಷ್ಟ. ಆದರೆ ಸಣ್ಣಪುಟ್ಟ ಕುಂದೆಲ್ಲ ಆ ಚುಕ್ಕೆಗಳ ನಡುವೆ ಸುಲಭವಾಗಿ ಅಡಗಿಬಿಡುತ್ತದೆ. ಕಣ್ಣನ್ನು ನಂಬಬೇಡ, ಅಂಚಿನ ಸುತ್ತ ಬೆರಳಾಡಿಸು. ಹಿಡಿ ಕೂಡಿಸಿದ ಜಾಗವನ್ನೂ ಮುಟ್ಟಿ ನೋಡು. ಚಕ್ಕೆ ಏಳುವುದು ಹೆಚ್ಚಾಗಿ ಅಲ್ಲೇ.

ಎನಾಮೆಲ್ ಅಂದರೆ ಪೇಂಟ್ ಅಲ್ಲ ಕಣೇ, ಗಾಜು. ಗಾಜಿನ ಪುಡಿಯನ್ನು ಉಕ್ಕಿಗೆ ಹಚ್ಚಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂರಿಸಿರುತ್ತಾರೆ. ಅದಕ್ಕೇ ಹುಳಿ ಹಾಕಿ ಕುದಿಸಿದರೂ ರುಚಿ ಕೆಡುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಗಾಜಿನ ಹಠವೂ ಅದಕ್ಕಿದೆ. ಕಾದ ಪಾತ್ರೆಯನ್ನು ನಲ್ಲಿ ಕೆಳಗೆ ಹಿಡಿದೆಯೋ, ಚಟ್ ಅಂತ ಬಿರುಕು! ಒಲೆ ಮೇಲೆ ಬರಿದೇ ಇಟ್ಟು ಮರೆಯಲೂಬೇಡ.

ತೆಳು ಉಕ್ಕಿನದು ನೀರು ಕಾಯಿಸಲು, ನೀರಾದ ಅಡುಗೆ ಕುದಿಸಲು ಚೆನ್ನ. ಹುರಿಯಲು ಸುಖವಿಲ್ಲ. ಉರಿ ತಗುಲಿದ ಕಡೆ ಜಾಸ್ತಿ ಕಾದು ತಳ ಹಿಡಿಯುತ್ತದೆ. ಹಿಡಿದರೆ ಸ್ಟೀಲ್ ನಾರಿನಿಂದ ಗಸಗಸ ಉಜ್ಜಬೇಡ. ನೀರಿಗೆ ಅಡುಗೆ ಸೋಡಾ ಹಾಕಿ ಸಣ್ಣಗೆ ಕುದಿಸಿ, ಆರಿದ ಮೇಲೆ ಮರದ ಸೌಟಿನಿಂದ ಎಬ್ಬಿಸು.

ಹೊರಗೆ ಚಕ್ಕೆ ಎದ್ದರೆ ಅಷ್ಟೇನೂ ಚಿಂತೆಯಿಲ್ಲ, ತುಕ್ಕು ಹಿಡಿಯದಂತೆ ತೊಳೆದ ತಕ್ಷಣ ಒರೆಸಿಡು. ಒಳಗೆ ಎದ್ದಿತೋ, ಅದರಲ್ಲಿ ಅಡುಗೆ ನಿಲ್ಲಿಸು. ಆ ಬಿಟ್ಟ ಅಂಚು ಮತ್ತೆ ಉದುರಬಹುದು, ಉದುರುವುದು ಗಾಜಲ್ವಾ?

ತಟ್ಟೆ, ಬಟ್ಟಲು, ಭರಣಿಗೆ ಸ್ಟೋನ್‌ವೇರ್ ನೋಡು. 1200 ಡಿಗ್ರಿ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಸುಟ್ಟ ಮಣ್ಣಿನ ಪಾತ್ರೆ ಅದು, ನೀರು ಹೀರುವುದು ತೀರಾ ಕಡಿಮೆ. ಕೊಳ್ಳುವಾಗ ಬೋರಲು ಹಾಕು. ತಳದ ಉಂಗುರಕ್ಕೆ ಸಾಮಾನ್ಯವಾಗಿ ಗ್ಲೇಜ್, ಅಂದರೆ ಗಾಜಿನಂಥ ನುಣುಪು ಲೇಪ, ಇರುವುದಿಲ್ಲ. ಅಲ್ಲಿ ಒಂದು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾಯಿ. ಹನಿ ಹಾಗೇ ನಿಂತರೆ ತಗೋ. ಮಣ್ಣು ಕುಡಿದುಬಿಟ್ಟರೆ ಸುಟ್ಟದ್ದು ಸಾಲದು. ಬೆರಳಿನ ಗಂಟಿನಿಂದ ತಟ್ಟಿದರೆ ಠಣ್ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಎಲ್ಲೋ ಬಿರುಕಿರಬಹುದು. ಗಟ್ಟಿ ಇದೆ ಅಂತ ಗ್ಯಾಸ್ ಉರಿ ಮೇಲೆ ಇಟ್ಟೀಯ ಮತ್ತೆ!

ಹಳೇ ಸಾಮಾನಿನ ಅಂಗಡಿಯಲ್ಲಿ ಕೆಂಪು, ಹಳದಿ ಬಣ್ಣದ್ದು ಕಂಡರೆ ಶೋಕೇಸಿಗೆ ತಾ, ಊಟಕ್ಕೆ ಬೇಡ. ಹಳೆಯ ಬಣ್ಣಗಳಲ್ಲಿ, ಗ್ಲೇಜಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹ ಇರಬಹುದು. ಹುಳಿ ತಗುಲಿದರೆ ಅದು ಊಟಕ್ಕೆ ಇಳಿಯುತ್ತದೆ.

ಸುಮ್ನೆ ಒಮ್ಮೆಗೇ ಪೂರ್ತಿ ಸೆಟ್ ಕೊಳ್ಳಬೇಡ. ಮುಚ್ಚಳವಿರುವ ಒಂದು ಪಾತ್ರೆ ತಂದು ಕೆಲವು ತಿಂಗಳು ಬಳಸು. ಆಮೇಲೆ ಅದರ ಅಂಚು ಹೇಗಿದೆ ಅಂತ ನನಗೆ ಬರೆ.

ನಿನ್ನ
ದೊಡ್ಡಮ್ಮ