ಥರ್ಮಾಕೋಲ್ ಸೌರವ್ಯೂಹ ಬೇಡ, ನಿಮ್ಮ ಹೊಲದ ಮಣ್ಣು ಕಳಿಸಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಮಕ್ಕಳು ಮೈಯೆಲ್ಲ ರಂಗೋಲಿ ಪುಡಿ ಮಾಡಿಕೊಂಡು ಬರುತ್ತಿದ್ದಾರೆ, ಶಾಲೆಯಲ್ಲಿ ಏನು ನಡೀತಿದೆ ಮೇಷ್ಟ್ರೇ ಅಂತ ಕೆಲವರು ಫೋನ್ ಮಾಡಿ ಕೇಳಿದಿರಿ. ನಡೆಯುತ್ತಿರುವುದು ಪಾಠವೇ. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ಆಕಾಶ, ಭೂಮಿ, ಕಲ್ಲು, ಮಣ್ಣಿನ ಪಾಠವನ್ನು ಈ ಸಲ ಮಾಡಿಸಿ ಕಲಿಸುತ್ತಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಬೇಕು. ಒಂದು ಸಹಾಯ ಮಾತ್ರ ಬೇಡವೇ ಬೇಡ: ಪೇಟೆಯಿಂದ ಥರ್ಮಾಕೋಲ್ ಸೌರವ್ಯೂಹ ಕೊಂಡು ತರಬೇಡಿ. ನೋಡೋಕೆ ಚೆಂದ, ಆದರೆ ಅದರಲ್ಲಿ ಮಗು ಮಾಡಿದ್ದು ಏನೂ ಇರುವುದಿಲ್ಲ, ದೂರದ ಅಳತೆಯೂ ಪೂರ್ತಿ ಸುಳ್ಳು. ಫುಟ್‌ಬಾಲನ್ನು ಭೂಮಿ ಅಂತ ಇಟ್ಟು, ಚಂದ್ರನ ಬದಲು ಒಂದು ದೊಡ್ಡ ನಿಂಬೆಹಣ್ಣು ಕೊಟ್ಟು, ಇದನ್ನು ಎಷ್ಟು ದೂರ ಇಡ್ತೀರಾ ಅಂದರೆ ಎಲ್ಲರೂ ಒಂದಡಿ, ಎರಡಡಿ ಅಂದರು. ಇಡಬೇಕಾದ್ದು ಆರೂವರೆ ಮೀಟರ್ ದೂರ. ಸೂರ್ಯನನ್ನು ಇಡೋಕೆ ಎರಡೂವರೆ ಕಿಲೋಮೀಟರ್ ನಡೆಯಬೇಕು.

ಇನ್ನು ರಂಗೋಲಿ ಪುಡಿ. ಟ್ರೇಯಲ್ಲಿ ಪುಡಿ ಹರಡಿ, ಮೇಲೆ ತೆಳ್ಳಗೆ ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿ, ಗೋಲಿ ಬೀಳಿಸುತ್ತಾರೆ. ಗುಣಿ ಬೀಳುತ್ತದೆ, ಒಳಗಿನ ಬಿಳಿ ಪುಡಿ ಸುತ್ತಲೂ ಗೆರೆಗೆರೆಯಾಗಿ ಚಿಮ್ಮುತ್ತದೆ. ಹುಣ್ಣಿಮೆ ರಾತ್ರಿ ಬೈನಾಕ್ಯುಲರ್ ಹಿಡಿದು ನೋಡಿದರೆ ಚಂದ್ರನ ಮೇಲೆ ಟೈಕೋ ಅನ್ನುವ ಕುಳಿಯ ಸುತ್ತ ಇಂಥದೇ ಬಿಳಿ ಗೆರೆಗಳು ಕಾಣುತ್ತವೆ; ಆ ಕುಳಿಯ ಅಗಲ ಸುಮಾರು 85 ಕಿ.ಮೀ. ನಾಲ್ಕು ಪಟ್ಟು ಎತ್ತರದಿಂದ ಬಿಟ್ಟರೂ ಗುಣಿ ಎರಡು ಪಟ್ಟು ಕೂಡ ಅಗಲವಾಗಲಿಲ್ಲ ಅನ್ನೋದಕ್ಕೆ ಒಂಬತ್ತನೇ ತರಗತಿಯಲ್ಲಿ ಜಗಳವೇ ಆಯಿತು, ಸ್ಕೇಲು ಹಿಡಿದು ಮತ್ತೆ ಮತ್ತೆ ಅಳೆದ ಮೇಲೆ ಒಪ್ಪಿಕೊಂಡರು. ಇದಕ್ಕೆ ಮೈದಾ, ರಾಗಿ ಹಿಟ್ಟು ಬಳಸಬಹುದು. ತಿನ್ನೋ ಹಿಟ್ಟು ಚೆಲ್ಲೋದು ಬೇಡ ಅಂತ ನಾನೇ ತಡೆದೆ. ಆಗಸ್ಟ್ 23ರಂದು ರಾಷ್ಟ್ರೀಯ ಬಾಹ್ಯಾಕಾಶ ದಿನ, 2023ರಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ ದಿನ. ಅವತ್ತು ಭಾಷಣ ಇಲ್ಲ. ಇದೇ ಟ್ರೇಗಳಲ್ಲಿ ಲ್ಯಾಂಡರ್ ಇಳಿಯೋಕೆ ಸಮತಟ್ಟಾದ ಜಾಗ ಎಲ್ಲಿದೆ ಅಂತ ಮಕ್ಕಳೇ ಹುಡುಕಿ ತೋರಿಸುತ್ತಾರೆ, ಬನ್ನಿ.

ಅದಕ್ಕೂ ಮೊದಲು ನೆರಳಿಲ್ಲದ ದಿನ ಇದೆ. ನಮ್ಮ ಚಿತ್ರದುರ್ಗದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಏಪ್ರಿಲ್ ಕೊನೆಯದು ಬೇಸಿಗೆ ರಜೆಗೆ ಹೋಗುತ್ತದೆ, ಹಾಗಾಗಿ ನಮಗೆ ಸಿಗೋದು ಆಗಸ್ಟ್ 14ರ ಆಸುಪಾಸಿನದು. ಮರುದಿನ ಸ್ವಾತಂತ್ರ್ಯ ದಿನ, ಕವಾಯತಿಗೆ ಹೇಗೂ ಮಕ್ಕಳು ಮೈದಾನದಲ್ಲೇ ಇರುತ್ತಾರೆ. ನೆರಳು ಮಾಯವಾಗೋದು 12 ಗಂಟೆಗಲ್ಲ, ಸುಮಾರು 12.29ಕ್ಕೆ. ನಮ್ಮ ಗಡಿಯಾರ ನಡೆಯೋದು ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಪಶ್ಚಿಮಕ್ಕೆ ಒಂದೊಂದು ಡಿಗ್ರಿ ಬರೋಕೂ ಸೂರ್ಯನಿಗೆ ನಾಲ್ಕು ನಿಮಿಷ ಬೇಕು.

ಇಲ್ಲಿ ನಿಮ್ಮಲ್ಲಿ ಬೆಂಗಳೂರಿನಲ್ಲಿ ನೆಂಟರಿರುವವರು ಬೇಕು. ಅದೇ ದಿನ ಅಲ್ಲಿ 12.24ರ ಹೊತ್ತಿಗೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿದರೆ ದಕ್ಷಿಣಕ್ಕೆ ಎರಡು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ನೆರಳು ಬೀಳುತ್ತದೆ. ಅದನ್ನು ಅಳೆದು ವಾಟ್ಸಾಪ್ ಮಾಡಿದರೆ ಸಾಕು. ಎರಡು ಊರಿಗೆ ಉತ್ತರ-ದಕ್ಷಿಣವಾಗಿ ಸುಮಾರು 140 ಕಿ.ಮೀ. ಅಂತರ, ನೆರಳಿನ ಕೋನ, ಈ ಅಂತರ ಎರಡೇ ಇಟ್ಟುಕೊಂಡು ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ. ಆದರೆ ಅಳೆಯೋರು ಹುಷಾರು, ಎರಡು ಮಿಲಿಮೀಟರ್ ತಪ್ಪಿದರೆ ಭೂಮಿ ಮೂರ್ನಾಲ್ಕು ಸಾವಿರ ಕಿ.ಮೀ. ಹಿಗ್ಗುತ್ತದೆ ಇಲ್ಲ ಕುಗ್ಗುತ್ತದೆ! ಸೂರ್ಯನನ್ನು ಯಾರೂ ನೇರವಾಗಿ ನೋಡಬೇಕಿಲ್ಲ, ನೋಡಲೂಬಾರದು.

ಮನೆಯಲ್ಲಿ ನಡೆಯಬೇಕಾದ್ದು ಚಂದ್ರನ ಡೈರಿ. ಒಂದು ತಿಂಗಳು, ಕಂಡ ಹೊತ್ತು, ಕಂಡ ದಿಕ್ಕು, ಕಂಡ ಆಕಾರ ಬರೆಯಬೇಕು. ಮೋಡ ಇದ್ದರೆ ಮೋಡ ಅಂತಲೇ ಬರೆಯಲಿ, ಮೊಬೈಲ್ ನೋಡಿ ತುಂಬಿಸೋದು ಬೇಡ. ಅಜ್ಜಿ ತಾತ ಇದ್ದರೆ ಕೂಡಿಸಿಕೊಳ್ಳಿ, ಬಿದಿಗೆ ಚಂದ್ರ ಎಲ್ಲಿ ಕಾಣುತ್ತಾನೆ ಅಂತ ಅವರಿಗೆ ನಮ್ಮ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಗಣೇಶನ ಹಬ್ಬದ ದಿನ ಚಂದ್ರನನ್ನು ನೋಡಬಾರದು ಅನ್ನುವ ಮನೆಗಳಿವೆ. ಆ ಒಂದು ದಿನ ಬಿಡಲಿ, ತೊಂದರೆ ಇಲ್ಲ.

ಮಣ್ಣಿನ ವಿಷಯದಲ್ಲಿ ನೀವೇ ಮೇಷ್ಟ್ರು. ನಿಮ್ಮ ಹೊಲದಿಂದ ಒಂದು ಹಿಡಿ ಮಣ್ಣು ಕಳಿಸಿ, ಎರೆಯೋ ಕೆಂಪೋ ಯಾವುದಾದರೂ ಸರಿ. ಬಾಟಲಿಗೆ ಹಾಕಿ ನೀರು ತುಂಬಿ ಕುಲುಕಿ ಇಟ್ಟರೆ ಮರಳು ನೋಡನೋಡುತ್ತಲೇ ತಳಕ್ಕೆ ಕೂರುತ್ತದೆ, ಜೇಡಿ ಮರುದಿನವೂ ನೀರನ್ನು ಬಗ್ಗಡ ಮಾಡಿಕೊಂಡೇ ಇರುತ್ತದೆ. ಯಾರಾದರೂ ಬೋರ್ ಕೊರೆಸೋದಿದ್ದರೆ ದಯವಿಟ್ಟು ಮುಂಚೆ ತಿಳಿಸಿ. ಒಂದೊಂದು ರಾಡ್ ಇಳಿದಾಗಲೂ ಮೇಲೆ ಬರುವ ಪುಡಿಯನ್ನು ಬೇರೆ ಬೇರೆ ಕವರಿನಲ್ಲಿ ಹಿಡಿದು, ಆಳ ಬರೆದು ಇಟ್ಟುಕೊಂಡರೆ ನಮ್ಮ ಕಾಲಡಿಯಲ್ಲಿ ಮಣ್ಣು ಎಲ್ಲಿಗೆ ಮುಗೀತು, ಬಂಡೆ ಎಲ್ಲಿ ಶುರುವಾಯಿತು, ಬಣ್ಣ ಎಲ್ಲಿ ಬದಲಾಯಿತು ಅನ್ನೋದು ಗೋಡೆಗೆ ಅಂಟಿಸೋ ಹಾಗೆ ಸಿಗುತ್ತದೆ. ದುಡ್ಡು ಕೊಟ್ಟರೂ ಇಂಥ ಚಾರ್ಟ್ ಸಿಗಲ್ಲ. ಪುಡಿ ಹಿಡಿಯೋದು ವಿಜ್ಞಾನದ ಮೇಷ್ಟ್ರು, ಮಕ್ಕಳು ದೂರದಲ್ಲಿ ನಿಂತಿರುತ್ತಾರೆ. ನೀರು ಬೀಳದೆ ಬಿಟ್ಟ ಬೋರ್ ನಿಮ್ಮ ಹೊಲದಲ್ಲಿದ್ದರೆ ಇವತ್ತೇ ಮುಚ್ಚಿಸಿ.

ಸೆಪ್ಟೆಂಬರಿನಲ್ಲಿ ಒಂದು ದಿನ ಮರಡಿಹಳ್ಳಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿರುವುದು ದಿಂಬು ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಗಿನ ಪದರ ತಕ್ಷಣ ಗಟ್ಟಿಯಾಗಿ, ಒಳಗಿನದು ತಳ್ಳಿಕೊಂಡು ಬಂದು ಗುಂಡಗೆ ನಿಂತ ಕಲ್ಲುಗಳು, ಸುಮಾರು 250 ಕೋಟಿ ವರ್ಷ ಹಳೆಯವು. ಟ್ಯಾಂಕರ್ ನೀರಿಗೆ ಕಾಯುವ ನಮ್ಮ ಸೀಮೆ ಆಗ ನೀರಿನಡಿ ಇತ್ತು! ಸುತ್ತಿಗೆ ತರಬಾರದು, ಕಲ್ಲು ಜೇಬಿಗೆ ಹಾಕಬಾರದು.

ಪೋರ್ಷನ್ ಮುಗಿಯುತ್ತಾ ಅಂತ ಕೇಳುವವರಿಗೆ: ಮುಗಿಯುತ್ತದೆ. ಮೇಲಿನ ಎಲ್ಲವೂ ಪಾಠದ ಒಳಗಿನದೇ, ಶನಿವಾರದ ಪಿರಿಯಡ್‌ಗಳಲ್ಲಿ ಹೊಂದಿಸಿದ್ದೇವೆ.

ಪ್ರವಾಸದ ಒಪ್ಪಿಗೆ ಚೀಟಿ ಮಕ್ಕಳ ಬ್ಯಾಗಿನಲ್ಲಿದೆ, ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ. ಮಣ್ಣಿನ ಕವರ್ ಮೇಲೆ ಹೊಲ ಎಲ್ಲಿದೆ ಅಂತ ಬರೆಯೋದು ಮರೀಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು