ಗುಂಡನಿಗೊಂದು ಪತ್ರ: ಗುರುವಾರ ಮಧ್ಯಾಹ್ನದ ಅಮ್ಮ

ಪ್ರಿಯ ಗುಂಡ,

ಇದನ್ನು ನಿನಗೊಬ್ಬನಿಗೇ ವಾಟ್ಸಾಪ್ ಮಾಡಬಹುದಿತ್ತು. ನೀನು ಎರಡು ನೀಲಿ ಗೆರೆ ಬೀಳಿಸಿ, ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ. ಎಲ್ಲರೆದುರು ಹಾಕಿದರೆ ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ ಅನ್ನೋ ಧೈರ್ಯ. (ಉಳಿದವರೂ ಓದಿ, ಅಡ್ಡಿಯಿಲ್ಲ. ‘ಉಪ್ಪಿಲ್ಲದ ಅಧ್ಯಕ್ಷರು’ ಎಲ್ಲಾದರೂ ಬಂದರೆ ಯಾರು ಅಂತ ಮಾತ್ರ ಕೇಳಬೇಡಿ.)

ನಮ್ಮ ಮಹಿಳಾ ಸಮಾಜದವರು ಸ್ಮರಣ ಸಂಚಿಕೆ ತರುತ್ತಿದ್ದಾರೆ ಕಣೋ. ಸಮಾಜದ ಇತಿಹಾಸ ಬರೆಯೋ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅಮ್ಮ ಅಲ್ಲಿ ಕಾರ್ಯದರ್ಶಿಯಾಗಿದ್ದಳಲ್ಲ, ಹಾಗಾಗಿ ನಾನು ‘ಸಮಾಜದ ಮಗ’ ಅಂತೆ. ಹಳೇ ನಡಾವಳಿ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತುಂಬಿ ಕೊಟ್ಟರು. ನುಸಿಗುಳಿಗೆಯ ವಾಸನೆ ಉಚಿತ.

ಬರೆಯೋದನ್ನು ತಪ್ಪಿಸಿಕೊಳ್ಳಬೇಕಾದಾಗ ನಾನು ಓದಲು ಕೂರುತ್ತೇನೆ, ನಿನಗೆ ಗೊತ್ತು. ಹಾಗೆ ಹೊರಟವನು ಸ್ವಾತಂತ್ರ್ಯ ಹೋರಾಟಗಾರ್ತಿ, ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರ ಹತ್ತಿರ ಹೋಗಿ ಸಿಕ್ಕಿಹಾಕಿಕೊಂಡೆ.

1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. 1923ರಲ್ಲಿ ಗಂಡ ಸಂಜೀವರಾಯರು ತೀರಿಕೊಂಡಾಗ ಇವರಿಗೆ ಮೂವತ್ತು ದಾಟಿತ್ತಷ್ಟೆ. ಆ ಕಾಲಕ್ಕೆ ಅಲ್ಲಿಗೆ ಕಥೆ ಮುಗಿಯಬೇಕು. ಮುಗಿಯಲಿಲ್ಲ, ಯಾಕೆಂದರೆ ಮಾವ ಆನಂದರಾಯರು ಸೊಸೆ ಓದಬೇಕು, ಹೊರಗೆ ಕೆಲಸ ಮಾಡಬೇಕು ಅನ್ನುವ ಮನುಷ್ಯ. ಹುಬ್ಬಳ್ಳಿಯಲ್ಲಿ ಮನೆಯವರ ಕರ್ನಾಟಕ ಪ್ರೆಸ್ ಇತ್ತು. ಉಮಾಬಾಯಿ ತಿಲಕ ಕನ್ಯಾಶಾಲೆ ನೋಡಿಕೊಂಡರು, ಭಗಿನಿ ಮಂಡಳ ಕಟ್ಟಿದರು, ಹರ್ಡೀಕರರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಪಡೆ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಒಂದೇ ಒಂದು ಕಾಂಗ್ರೆಸ್ ಅಧಿವೇಶನಕ್ಕೆ, 1924ರ ಬೆಳಗಾವಿಯದಕ್ಕೆ. ಆ ಅಧಿವೇಶನಕ್ಕೆ ಉಮಾಬಾಯಿ ನೂರಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕೂಡಿಸಿ ತಂದರು. ವಿಧವೆಯರೂ ಇದ್ದರು ಅದರಲ್ಲಿ. 1932ರಲ್ಲಿ ಯರವಡಾ ಜೈಲು. ಸರ್ಕಾರ ಪ್ರೆಸ್ ಜಪ್ತಿ ಮಾಡಿತು, ಶಾಲೆಗೆ ಬೀಗ ಜಡಿಯಿತು, ಭಗಿನಿ ಮಂಡಳ ಕಾನೂನುಬಾಹಿರ ಅಂತ ಸಾರಿತು. ಹೆಂಗಸರ ಸಂಘವೊಂದಕ್ಕೆ ಬ್ರಿಟಿಷರು ಕೊಟ್ಟ ಅತಿ ದೊಡ್ಡ ಪ್ರಶಸ್ತಿ ಅದು ಅಂತ ನನಗನ್ನಿಸುತ್ತೆ.

ಇಲ್ಲಿಯವರೆಗೆ ಎಲ್ಲ ಸಂಚಿಕೆಗೆ ಒಗ್ಗುವ ವಿಷಯವೇ. ನಾನು ತಡೆದು ನಿಂತದ್ದು ಮುಂದಿನದಕ್ಕೆ. ಚಳವಳಿಗೆ ಹೋಗಿ ಜೈಲು ಸೇರಿದ್ದ ಹೆಂಗಸರು ಬಿಡುಗಡೆಯಾಗಿ ಬಂದಾಗ ಕೆಲವರ ಮನೆಯವರು ಬಾಗಿಲು ತೆಗೆಯಲಿಲ್ಲವಂತೆ. ಅದೇ ಜೈಲಿಂದ ಬಂದ ಗಂಡಸರಿಗೆ ಹಾರ ಬಿದ್ದಿತ್ತು. ಈ ಹೆಂಗಸರು ಹೋಗಿ ಸೇರಿದ್ದು ಉಮಾಬಾಯಿಯವರ ಸಣ್ಣ ಮನೆಗೆ. ಊಟ, ಆಸರೆ ಎಲ್ಲ ಅಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಪಿಂಚಣಿ, ತಾಮ್ರಪತ್ರ ಯಾವುದನ್ನೂ ಉಮಾಬಾಯಿ ಮುಟ್ಟಲಿಲ್ಲ. ನೂರು ವರ್ಷ ಬಾಳಿ 1992ರಲ್ಲಿ ಹೋದರು.

ನಾವು ‘ನಿಸ್ವಾರ್ಥ ಸೇವೆ’ ಅಂತ ಶಾಲು ಹೊದಿಸಿ ಕೂರಿಸುತ್ತೇವಲ್ಲ ಗುಂಡ, ಆ ಮಾತಿನ ಮೇಲೆ ನನಗೆ ಅನುಮಾನ ಶುರುವಾದದ್ದು ಇಲ್ಲಿಂದ. ಸಂಘ ಊರಿಗೆ ಉಪಕಾರ ಮಾಡಿತು, ಸರಿ. ಮೊದಲು ಅದು ಆ ಹೆಂಗಸರಿಗೇ ಬೇಕಿತ್ತು. ಹೋಗಲು ಒಂದು ಜಾಗ ಬೇಕಿತ್ತು. ಬೆಂಗಳೂರಿನ ಆರ್. ಕಲ್ಯಾಣಮ್ಮನವರದೂ ಅದೇ ಕಥೆ. ಬಾಲವಿಧವೆ. ‘ಸರಸ್ವತಿ’ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು, 1938ರಲ್ಲಿ ಮಕ್ಕಳ ಕೂಟ ಶುರುಮಾಡಿದರು. ಚಾಮರಾಜಪೇಟೆಯಲ್ಲಿ ನೀನು ಬಸ್ಸಿಗೆ ಕಾಯುತ್ತಾ ಬಯ್ದುಕೊಳ್ಳುತ್ತಿದ್ದ ಆ ವೃತ್ತದ ಹೆಸರು ಬಂದದ್ದು ಅಲ್ಲಿಂದಲೇ.

ಇನ್ನು ನಮ್ಮ ನಡಾವಳಿ ಪುಸ್ತಕ. ಪ್ರತಿ ಪುಟವೂ ‘ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಲಾಯಿತು’ ಅಂತ ಶುರುವಾಗಿ ಲಘು ಉಪಾಹಾರದಲ್ಲಿ ಮುಗಿಯುತ್ತೆ. ಹೊಲಿಗೆ ಯಂತ್ರದ ದುರಸ್ತಿ. ಬಾಲವಾಡಿಯ ಮಕ್ಕಳಿಗೆ ಹಾಲು ಯಾರು ಕಾಯಿಸಬೇಕು. ಸಮಾಜ ಕಲ್ಯಾಣ ಮಂಡಳಿಯ ಅನುದಾನ ಇನ್ನೂ ಬಂದಿಲ್ಲ, ಜ್ಞಾಪನ ಪತ್ರ ಬರೆಯುವುದು. ಮುಂದಿನ ಸಭೆ: ಇನ್ನೂ ಬಂದಿಲ್ಲ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿದ್ದೇ ಇಂಥ ಸಂಘಗಳಿಗೆ ಹಣ ಕೊಡಲಿಕ್ಕೆ. ದೇಶದ ಎಷ್ಟೋ ಬಾಲವಾಡಿ, ಹೊಲಿಗೆ ತರಗತಿಗಳು ಆ ದುಡ್ಡಿನ ದಾರಿ ಕಾಯುತ್ತಾ ನಡೆದವು, ನಮ್ಮದೂ ಸೇರಿ. ಆಮೇಲೆ 1975ರಲ್ಲಿ ಐಸಿಡಿಎಸ್ ಬಂತು, ಅಂಗನವಾಡಿಗಳನ್ನು ನಡೆಸುವ ಸರ್ಕಾರಿ ಯೋಜನೆ. ರಾಜ್ಯದ ಮೊದಲ ಯೋಜನೆ ತಿ. ನರಸೀಪುರದಲ್ಲಿ. ಅಂಗನವಾಡಿ ಒಂದೊಂದೇ ಊರಿಗೆ ಬಂದ ಹಾಗೆ ಬಾಲವಾಡಿಗಳಿಗೆ ಮಕ್ಕಳು ಕಮ್ಮಿಯಾದರು. ಬಾಲವಾಡಿಯ ಕೆಲಸವನ್ನು ಸರ್ಕಾರ ತೆಗೆದುಕೊಂಡಿತು, ಜೊತೆಗೆ ಹೆಂಗಸರ ದುಡಿಮೆಗೆ ಸಂಬಳ ಕೊಡದ ಅಭ್ಯಾಸವನ್ನೂ. ಇವತ್ತಿಗೂ ಅಂಗನವಾಡಿ ಕಾರ್ಯಕರ್ತೆಗೆ ಸಿಗೋದು ‘ಗೌರವಧನ’. ಅವರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗೆಲ್ಲ ನಮಗೆ ಟ್ರಾಫಿಕ್ ಜಾಮ್ ಆಗಿದ್ದಷ್ಟೇ ನೆನಪಿರುತ್ತೆ. ಇದನ್ನು ಸಂಚಿಕೆಯಲ್ಲಿ ಬರೆದರೆ ಉಪ್ಪಿಲ್ಲದ ಅಧ್ಯಕ್ಷರು ಕತ್ತರಿ ಹಾಕುತ್ತಾರೆ, ಅದಕ್ಕೇ ಇಲ್ಲಿ ಬರೆದೆ.

ಅಮ್ಮನ ಅಕ್ಷರ ಶುರುವಾಗುವುದು ಮೂರನೇ ಪುಸ್ತಕದಿಂದ. ನಿನಗೂ ಗೊತ್ತಲ್ಲ, ನಮ್ಮನೇಲಿ ಗುರುವಾರ ಮಧ್ಯಾಹ್ನ ಅಂದರೆ ಸಮಾಜ. ಅವತ್ತು ಅಪ್ಪನ ಕಾಫಿ ಫ್ಲಾಸ್ಕಿನಲ್ಲಿ. ಒಮ್ಮೆ ಯಾರೋ ನೆಂಟರು ಬಂದರೆಂದು ನನ್ನನ್ನು ಓಡಿಸಿದರು, ಕರಕೊಂಡು ಬಾ ಅಂತ. ಹೋದೆ. ಕಿಟಕಿಯಲ್ಲಿ ಇಣುಕಿದೆ. ಅಮ್ಮ ನಡುವೆ ನಿಂತು ಯಾರದೋ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತು ಕೊಂಕಿಸಿಕೊಂಡು. ಸುತ್ತಲಿದ್ದವರು ನೆಲದ ಮೇಲೆ ಉರುಳಾಡುವಷ್ಟು ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಅವಳೇ. ನನ್ನನ್ನು ನೋಡಿದ್ದೇ ತಡ, ಸೆರಗು ಇಳಿಯಿತು. ‘ಏನೋ, ಯಾರು ಬಂದಿದ್ದಾರೆ?’

ನನಗೆ ಅವತ್ತು ಬಂದದ್ದು ಸಿಟ್ಟು. ಈಗ ಅದಕ್ಕೆ ಸರಿಯಾದ ಹೆಸರು ಹೊಟ್ಟೆಕಿಚ್ಚು ಅಂತ ಹೇಳಬಲ್ಲೆ. ಅಷ್ಟು ನಗೋಕೆ ಬರುತ್ತಿದ್ದವಳು ನಮ್ಮ ಮನೆಯಲ್ಲಿ ಯಾಕೆ ನಗಲಿಲ್ಲ? ನಮ್ಮ ಅಮ್ಮ ಸೌಮ್ಯ ಸ್ವಭಾವದವಳು ಅಂತ ನೀನೂ ನಿನ್ನ ಅಮ್ಮನೂ ಎಷ್ಟು ಸಲ ಹೇಳಿಲ್ಲ. ಸೌಮ್ಯವೂ ಅಲ್ಲ ಏನೂ ಅಲ್ಲ. ವಾರಕ್ಕೊಮ್ಮೆ ತನ್ನ ನಗುವನ್ನು ತೆಗೆದುಕೊಂಡು ಬೇರೆ ಕಡೆ ಹೋಗುತ್ತಿದ್ದಳು, ಅಷ್ಟೆ. ನಮ್ಮ ಮನೆಯಲ್ಲಿ ‘ನಗೋಕೆ ಹೋಗ್ತೀನಿ’ ಅಂದರೆ ಯಾರೂ ಕಳಿಸುತ್ತಿರಲಿಲ್ಲ. ‘ಸೇವೆಗೆ ಹೋಗ್ತೀನಿ’ ಅಂದರೆ ಅಪ್ಪನಿಗೂ ಹೆಮ್ಮೆಯೇ.

ಆರನೇ ಪುಸ್ತಕದಲ್ಲಿ ಒಂದು ಸಾಲಿದೆ. ‘ಕಾರ್ಯದರ್ಶಿಯವರು ವೈಯಕ್ತಿಕ ಕಾರಣಗಳಿಂದ ಸಲ್ಲಿಸಿದ ರಾಜೀನಾಮೆಯನ್ನು ವಿಷಾದದಿಂದ ಅಂಗೀಕರಿಸಲಾಯಿತು.’ ಅಕ್ಷರ ಅಮ್ಮನದೇ. ತನ್ನ ರಾಜೀನಾಮೆಯ ನಡಾವಳಿಯನ್ನು ತಾನೇ ಬರೆದಿದ್ದಾಳೆ, ಒಂದು ಚಿತ್ತೂ ಇಲ್ಲದೆ. ತಾರೀಖು ನೋಡಿದೆ. ಜೂನ್. ನಾನು ಎಸ್ಸೆಸ್ಸೆಲ್ಸಿಗೆ ಕಾಲಿಟ್ಟ ಜೂನ್.

ವೈಯಕ್ತಿಕ ಕಾರಣ ನಾನು ಕಣೋ.

ಬಿಡು ಅಂತ ನಾನು ಕೇಳಿರಲಿಲ್ಲ, ಅಪ್ಪನೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಯಾರೂ ಹೇಳಬೇಕಾಗಿಯೇ ಇರಲಿಲ್ಲ ಅನ್ನೋದೇ ನನ್ನನ್ನು ನಿದ್ದೆಯಲ್ಲೂ ಕೊರೆಯುತ್ತಿದೆ. ಆ ವರ್ಷದ ಗುರುವಾರಗಳಲ್ಲಿ ಅವಳು ನನ್ನ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನಗೆ ಹಿತವಾಗಿತ್ತು. ಅಮ್ಮ ಕೊನೆಗೂ ಪೂರ್ತಿ ನಮ್ಮವಳಾದಳು ಅನ್ನಿಸಿತ್ತು, ನಿಜ ಹೇಳಬೇಕೆಂದರೆ.

ನಿನ್ನೆ ರಾತ್ರಿ ಫೋನ್ ಮಾಡಿ ಕೇಳೇಬಿಟ್ಟೆ. ‘ಯಾವ ಕಾಲದ ಮಾತೋ ಅದು, ಗ್ಯಾಸ್ ಬುಕ್ ಮಾಡಿದೆಯಾ?’ ಅಂದಳು. ಮಾಡಿರಲಿಲ್ಲ.

ಅಯ್ಯೋ, ಸಾಕು. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಅಷ್ಟೊಂದು ತ್ಯಾಗಕ್ಕೆ ನನಗೆ ಗಣಿತದಲ್ಲಿ ಬಂದ ಅಂಕ ಎಷ್ಟು ಅಂತ ನಿನಗೊಬ್ಬನಿಗೇ ಗೊತ್ತು. ಕೆಳಗೆ ಯಾರಾದರೂ ಕೇಳಿದರೆ ‘ಫಸ್ಟ್ ಕ್ಲಾಸ್’ ಅನ್ನು, ನಿನ್ನ ಗುಟ್ಟೂ ನನ್ನ ಹತ್ತಿರ ಇದೆ. (ಕೆರೆ ಏರಿ. ಲುಂಗಿ. ಸಾಕಾ?)

ಸಂಚಿಕೆಯ ಲೇಖನ ಇನ್ನೂ ಒಂದಕ್ಷರ ಆಗಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋ ಮಾತ್ರ ಆಗಲೇ ಕೊಟ್ಟಿದ್ದೇನೆ. ಹಿಂಬದಿಯ ರಕ್ಷಾಪುಟ ಖಾಲಿ ಇದೆಯಂತೆ, ನಿನ್ನ ಅಂಗಡಿಯ ಜಾಹೀರಾತು ಕೊಡು. ಬಣ್ಣದ್ದು. ಕಪ್ಪುಬಿಳುಪಿಗೆ ಒಪ್ಪಬೇಡ, ‘ನನ್ನ ಗೆಳೆಯ ದೊಡ್ಡ ಕುಳ’ ಅಂತ ಅಲ್ಲಿ ಆಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ,
ಸಮಾಜದ ಮಗ