ಡೇಟಾ ಸೆಂಟರ್‌ಗೆ ಅನುಮತಿ ಕೊಡುವ ಮುನ್ನ ನೀರು, ಕರೆಂಟು, ಹೊಗೆಯ ಲೆಕ್ಕ ನಮ್ಮ ಮುಂದಿಡಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸ್ಥಳೀಯ ಆಡಳಿತ ಸಂಸ್ಥೆ

ವಿಷಯ: ನಮ್ಮ ಮನೆಗಳ ಪಕ್ಕದ ಜಾಗದಲ್ಲಿ ಎಐ ಡೇಟಾ ಸೆಂಟರ್ ಕಟ್ಟುವ ಅರ್ಜಿಯ ಬಗ್ಗೆ ನಿವಾಸಿಗಳ ಮನವಿ

ಮಾನ್ಯರೇ,

ನಮ್ಮ ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಎಐ ಡೇಟಾ ಸೆಂಟರ್, ಅಂದರೆ ಎಐ ಓಡಿಸುವ ಸಾವಿರಾರು ಕಂಪ್ಯೂಟರ್‌ಗಳ ಕಟ್ಟಡ, ಕಟ್ಟಲು ಕಂಪನಿಯೊಂದು ಅರ್ಜಿ ಹಾಕಿದೆ. ಸರ್ವೆಯವರು ಬಂದು ಗುರುತಿನ ಕಲ್ಲು ನೆಟ್ಟ ಮೇಲಷ್ಟೇ ಇದು ನಮಗೆ ಗೊತ್ತಾಯಿತು. ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ನಮ್ಮ ಮಕ್ಕಳೂ ಫೋನಿನಲ್ಲಿ ಎಐ ಬಳಸುತ್ತಾರೆ. ಪೂರ್ತಿ ಲೆಕ್ಕ ಜನರ ಮುಂದೆ ಬರುವ ತನಕ ಅನುಮತಿ ಕೊಡಬೇಡಿ ಎಂಬುದಷ್ಟೇ ನಮ್ಮ ಕೋರಿಕೆ.

ಮೊದಲು ನೀರಿನ ಮಾತು. ನಮ್ಮ ನಿದ್ದೆ ಕೆಡಿಸಿರುವುದು ಅದೇ. ಸಾವಿರಾರು ಚಿಪ್‌ಗಳು ಹಗಲೂ ರಾತ್ರಿ ಓಡಿದಾಗ ವಿಪರೀತ ಬಿಸಿ ಹುಟ್ಟುತ್ತದೆ. ಅದನ್ನು ತಣಿಸಲು ಎಷ್ಟೋ ಕಡೆ ಕೂಲಿಂಗ್ ಟವರ್‌ಗಳಲ್ಲಿ ನೀರನ್ನು ಆವಿ ಮಾಡುತ್ತಾರೆ. ಆವಿಯಾಗಿ ಹೋದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ಮಾತೇ ಇಲ್ಲ. ಬಿಸಿಲು ಏರಿದಷ್ಟೂ ಈ ನೀರು ಜಾಸ್ತಿ ಬೇಕು. ಅಂದರೆ ನಮ್ಮ ನಲ್ಲಿ ಒಣಗುವ ದಿನಗಳಲ್ಲೇ ಅವರ ಬೇಡಿಕೆಯೂ ಹೆಚ್ಚು. ಕಂಪನಿ ವರ್ಷದ ಸರಾಸರಿ ಕೊಟ್ಟರೆ ಇದು ಕಾಣುವುದೇ ಇಲ್ಲ. ತಂಪು ತಿಂಗಳುಗಳೂ ಸೇರಿಕೊಂಡು ಅಂಕಿ ಚಿಕ್ಕದಾಗಿಬಿಡುತ್ತದೆ, ಅಲ್ವಾ? ಆದ್ದರಿಂದ ಅತಿ ಬಿಸಿಲಿನ ಒಂದು ದಿನಕ್ಕೆ ಎಷ್ಟು ಲೀಟರ್ ಬೇಕು, ಅದು ಎಲ್ಲಿಂದ ಬರುತ್ತದೆ, ಬೋರ್‌ವೆಲ್ ಕೊರೆಯುತ್ತಾರಾ ಎಂದು ಬರೆಸಿಕೊಳ್ಳಿ. ನೀರೇ ಬೇಡದ ವಿಧಾನ ಬಳಸುತ್ತೇವೆ ಎಂದರೆ ಸಂತೋಷ. ಆದರೆ ಆಗ ಸಾಮಾನ್ಯವಾಗಿ ಕರೆಂಟು ಜಾಸ್ತಿ ಬೇಕಾಗುತ್ತದೆ. ಆ ಲೆಕ್ಕವೂ ಜೊತೆಗಿರಲಿ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ದ ಡ್ಯಾಲ್ಸ್ ಎಂಬ ಸಣ್ಣ ಊರಿದೆ. ಅಲ್ಲಿನ ಗೂಗಲ್ ಡೇಟಾ ಸೆಂಟರ್‌ಗಳು ಎಷ್ಟು ನೀರು ಬಳಸುತ್ತವೆ ಎಂದು ಪತ್ರಿಕೆಯೊಂದು ಕೇಳಿತು. ಅದು ವ್ಯಾಪಾರದ ಗುಟ್ಟು ಎಂದು ನಗರಾಡಳಿತವೇ ಕೋರ್ಟಿಗೆ ಹೋಯಿತು. 2022ರ ಕೊನೆಯಲ್ಲಿ ಲೆಕ್ಕ ಹೊರಬಂತು. ಊರಿನ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು. ನಾವು ವೋಟು ಹಾಕಿ ಆರಿಸಿದವರು ನಮ್ಮಿಂದಲೇ ನೀರಿನ ಲೆಕ್ಕ ಮುಚ್ಚಿಡುವ ಸ್ಥಿತಿ ಇಲ್ಲಿ ಬರಬಾರದು. ಗೌಪ್ಯತೆಯ ಒಪ್ಪಂದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಅದನ್ನೂ ಹೇಳಿಬಿಡಿ.

ಕರೆಂಟಿನ ವಿಷಯವೂ ಸಣ್ಣದಲ್ಲ. ಐರ್ಲೆಂಡ್‌ನ ಒಟ್ಟು ಕರೆಂಟು ಬಳಕೆಯಲ್ಲಿ ಡೇಟಾ ಸೆಂಟರ್‌ಗಳ ಪಾಲು 2015ರಲ್ಲಿ ಶೇ 5 ಇತ್ತು. 2023ರಲ್ಲಿ ಅದು ಶೇ 21 ಆಯಿತು. ಅಲ್ಲಿನ ಪಟ್ಟಣಗಳ ಎಲ್ಲ ಮನೆಗಳೂ ಸೇರಿ ಬಳಸುವುದಕ್ಕಿಂತ ಇದು ಹೆಚ್ಚು. ಇಲ್ಲಿ ಹೊಸ ಲೈನು, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಯಾರ ತಲೆಗೆ? ನಮ್ಮ ಮನೆಯ ಬಿಲ್ಲಿಗೆ ಸೇರುವುದಿಲ್ಲ ಎಂದು ಲಿಖಿತವಾಗಿ ಹೇಳಿ.

ಕರೆಂಟು ಹೋದಾಗ ಓಡಿಸಲು ಸಾಲುಸಾಲು ಡೀಸೆಲ್ ಜನರೇಟರ್ ಇಡುತ್ತಾರೆ. ಕರೆಂಟು ಹೋಗದಿದ್ದರೂ ಪರೀಕ್ಷೆಗೆಂದು ಆಗಾಗ ಓಡಿಸಲೇಬೇಕು. ಆ ಹೊಗೆಯ ಸಣ್ಣ ಕಣಗಳು ಮೊದಲು ಹೋಗುವುದು ಪಕ್ಕದ ಮನೆಯ ಮಗುವಿನ, ಮುದುಕರ ಎದೆಗೆ. ಅಮೆರಿಕದ ಮೆಂಫಿಸ್‌ನಲ್ಲಿ ಎಕ್ಸ್‌ಎಐ ಕಂಪನಿ 2024ರಲ್ಲಿ ಡೇಟಾ ಸೆಂಟರ್ ಶುರು ಮಾಡಿ, ಕರೆಂಟಿಗಾಗಿ ಪರವಾನಗಿ ಇಲ್ಲದೆಯೇ ಗ್ಯಾಸ್ ಟರ್ಬೈನ್‌ಗಳನ್ನು ಓಡಿಸಿತು. ಹತ್ತಿರದ ಬಾಕ್ಸ್‌ಟೌನ್‌ನಲ್ಲಿರುವವರು ಹೆಚ್ಚಾಗಿ ಕಪ್ಪು ಜನ. ಸುತ್ತಲಿನ ಕಾರ್ಖಾನೆಗಳ ಹೊಗೆ ಅವರಿಗೆ ಮೊದಲೇ ಇತ್ತು. 15 ಟರ್ಬೈನ್‌ಗಳಿಗೆ ಪರವಾನಗಿ ಸಿಕ್ಕಿದ್ದು 2025ರ ಜುಲೈನಲ್ಲಿ. ಅಷ್ಟು ದಿನ ಕುಡಿದ ಹೊಗೆಯನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ?

ನಮ್ಮನ್ನು ನೋಯಿಸಿರುವ ಪ್ರಶ್ನೆ ಇದು: ಈ ಜಾಗವೇ ಯಾಕೆ? ಕಸದ ರಾಶಿ ನಮ್ಮ ಕಡೆಗಿದೆ. ಸಬ್‌ಸ್ಟೇಷನ್ ನಮ್ಮ ಕಡೆಗಿದೆ. ಇಲ್ಲಿ ನೆಲ ಅಗ್ಗ, ಮನೆ ಚಿಕ್ಕವು, ದಿನದ ದುಡಿಮೆ ಬಿಟ್ಟು ಕಚೇರಿಗೆ ಅಲೆಯುವವರು ಕಡಿಮೆ. ಎಐ ಸೇವೆ ಜಗತ್ತಿಗೆಲ್ಲ ಹೋಗುತ್ತದೆ. ಶಾಖ, ಸದ್ದು, ಹೊಗೆ ಇಲ್ಲೇ ಉಳಿಯುತ್ತವೆ. ಕೆಲಸ ಸಿಗುತ್ತದೆ ಎನ್ನುತ್ತಾರೆ. ಕಟ್ಟುವಾಗ ನಿಜ. ಕಟ್ಟಿದ ಮೇಲೆ ಇಷ್ಟು ದೊಡ್ಡ ಕಟ್ಟಡಕ್ಕೂ ಬೇಕಾಗುವವರು ಸ್ವಲ್ಪ ಜನ. ನಮ್ಮವರಿಗೆ ಕಾಯಂ ಕೆಲಸ ಎಷ್ಟು ಎಂದು ಕಂಪನಿ ಬರೆದು ಕೊಡಲಿ.

ಜನ ಕೇಳಿದರೆ ಯೋಜನೆ ಬದಲಾಗುತ್ತದೆ. ಚಿಲಿ ದೇಶದ ಸೆರಿಯೋಸ್‌ನಲ್ಲಿ ಗೂಗಲ್ ಕಟ್ಟಲು ಹೊರಟಿದ್ದ ಡೇಟಾ ಸೆಂಟರ್ ಬಗ್ಗೆ ನಿವಾಸಿಗಳು ವರ್ಷಗಟ್ಟಲೆ ನೀರಿನ ಪ್ರಶ್ನೆ ಎತ್ತಿದರು. 2024ರಲ್ಲಿ ಪರಿಸರ ನ್ಯಾಯಾಲಯ ಅದರ ಅನುಮತಿಯನ್ನು ಭಾಗಶಃ ರದ್ದು ಮಾಡಿತು. ನೀರಿನ ಬದಲು ಗಾಳಿಯಿಂದ ತಣಿಸುವ ಹೊಸ ಯೋಜನೆ ತರುತ್ತೇವೆ ಎಂದು ಗೂಗಲ್ ಹೇಳಿತು.

ಹಾಗಾಗಿ ದುಡಿಯುವವರೂ ಬರಲಾಗುವ ಹೊತ್ತಿನಲ್ಲಿ ಸಾರ್ವಜನಿಕ ಸಭೆ ಕರೆಯಿರಿ. ವರದಿ ನಾವು ಓದುವ ಭಾಷೆಯಲ್ಲಿ, ಸಭೆಗೆ ಒಂದು ತಿಂಗಳ ಮೊದಲೇ ನಮ್ಮ ಕೈಗೆ ಸಿಗಲಿ. ಇಂದಿನ ಗಾಳಿ, ಅಂತರ್ಜಲದ ಮಟ್ಟ, ರಾತ್ರಿಯ ಸದ್ದನ್ನು ಈಗಲೇ ಅಳೆದಿಡಿ. ಇಲ್ಲದಿದ್ದರೆ ನಾಳೆ ಏನು ಹದಗೆಟ್ಟಿತು ಎಂದು ತೋರಿಸಲು ನಮ್ಮಲ್ಲಿ ಏನೂ ಇರುವುದಿಲ್ಲ. ಅನುಮತಿ ಕೊಟ್ಟರೂ ಪ್ರತಿ ತಿಂಗಳ ಅಳತೆ ನೋಟಿಸ್ ಬೋರ್ಡಿಗೆ ಬರಬೇಕು. ಮಿತಿ ಮೀರಿದರೆ ಕೆಲಸ ನಿಲ್ಲಿಸುವ ಷರತ್ತೂ ಇರಬೇಕು.

ಮನೆಮನೆಯ ಸಹಿಗಳನ್ನು ಲಗತ್ತಿಸಿದ್ದೇವೆ. ಸಭೆಯ ದಿನಾಂಕವನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು